ಪೆಟ್ರೋಲ್ ಹೊರಗೆ, ಗಾಳಿ ಒಳಗೆ

ಹಳೆಯ ಬೈಕಿನ ಕಾರ್ಬೊರೇಟರ್ ತಕರಾರು ತೆಗೆಯಿತೆಂದರೆ ನಮ್ಮ ಕೈ ಮೊದಲು ಹುಡುಕುವುದು ಸ್ಕ್ರೂಡ್ರೈವರನ್ನು. ಏರ್ ಸ್ಕ್ರೂ ಕಾಲು ಸುತ್ತು ಒಳಗೆ, ಸ್ಲೋ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ಬಿಗಿ. ಗಾಡಿ ಹೇಗೋ ನಿಂತಲ್ಲೇ ಓಡತೊಡಗಿದರೆ ‘ಟ್ಯೂನಿಂಗ್ ಆಯ್ತು’ ಎಂದು ಸೀಟು ತಟ್ಟಿ ಕಳಿಸುವುದು. ವಾರ ಕಳೆಯುವುದರೊಳಗೆ ಮೈಲೇಜ್ ಇಳಿದಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ರೇಸ್ ಇಳಿಯುವುದಿಲ್ಲ, ಇಳಿದರೆ ಆಫ್ ಆಗಿಬಿಡುತ್ತದೆ. ಮತ್ತೆ ಅದೇ ಗ್ಯಾರೇಜು, ಅದೇ ಸ್ಕ್ರೂ. ಸೋರುವ ಕಾರ್ಬೊರೇಟರನ್ನು ಟ್ಯೂನ್ ಮಾಡಲು ಆಗುವುದಿಲ್ಲ, ಅದರ ಸೋರಿಕೆಯನ್ನು ಒಂದಷ್ಟು ದಿನ ಮರೆಮಾಚಲು ಮಾತ್ರ ಆಗುತ್ತದೆ. ಸ್ಕ್ರೂಡ್ರೈವರಿನ ಸರದಿ ಎಲ್ಲಕ್ಕಿಂತ ಕೊನೆಯಲ್ಲಿ.

ಸೋರಿಕೆಯಲ್ಲಿ ಎರಡು ಜಾತಿ. ಪೆಟ್ರೋಲ್ ಹೊರಗೆ ಬರುವುದು ಒಂದು. ಅದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಮನೆಯವರು ಬೈಯುತ್ತಾರೆ. ಹಾಗಾಗಿ ತಡವಾಗಿಯಾದರೂ ರಿಪೇರಿ ಆಗುತ್ತದೆ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ಯಾವುದೋ ಸಂದಿಯಿಂದ ಗಾಳಿ ಒಳಗೆ ನುಗ್ಗುವುದು ಇನ್ನೊಂದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೆಲದ ಮೇಲೆ ಕಲೆಯೂ ಬೀಳುವುದಿಲ್ಲ. ಆದರೆ ಟೂ ಸ್ಟ್ರೋಕ್ ಬೈಕಿನ ಪಿಸ್ಟನ್ ಕೆಡಿಸುವುದರಲ್ಲಿ ಇದೇ ಮುಂದು.

ಈ ಲೇಖನ ಯಾರಿಗೆಂದು ಮೊದಲೇ ಹೇಳಿಬಿಡುತ್ತೇನೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ನಮ್ಮ ಬೈಕುಗಳು ಬಹುಪಾಲು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ಅವುಗಳ ಮಾತು ಇಲ್ಲಿಲ್ಲ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಿದ್ದ ಜಾವಾ ಮತ್ತು ಯೆಜ್ಡಿಗಳು, ಹಳೇ ಬುಲೆಟ್, ಹೀರೋ ಹೋಂಡಾದ ಸಿಡಿ 100, ಸ್ಪ್ಲೆಂಡರ್: ಇಂಥವನ್ನು ಇನ್ನೂ ಓಡಿಸುತ್ತಿರುವವರಿಗಾಗಿ ಇದು.

ಈ ಗಾಡಿಗಳ ಕಾರ್ಬೊರೇಟರಿನಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಅದು ನಂಬಿಕೊಂಡಿರುವುದು ಎರಡನ್ನು. ಕೆಳಗಿನ ಬೌಲಿನಲ್ಲಿ ಪೆಟ್ರೋಲ್ ಯಾವಾಗಲೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಇಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲ ಕಾರ್ಬೊರೇಟರಿನ ಬಾಯಿಂದಲೇ ಬರಬೇಕು. ಮಟ್ಟ ತಪ್ಪಿದರೆ ಪೆಟ್ರೋಲ್ ಸೋರುತ್ತದೆ. ಕಳ್ಳದಾರಿಯ ಗಾಳಿ ಸೇರಿದರೆ ಅದಕ್ಕೆ ತಕ್ಕ ಪೆಟ್ರೋಲ್ ಯಾವ ಜೆಟ್ಟಿನಿಂದಲೂ ಬರುವುದಿಲ್ಲ, ಮಿಶ್ರಣ ತೆಳುವಾಗುತ್ತದೆ.

ಕೈ ಹಾಕುವ ಮೊದಲು

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಅದು ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಮನೆಯ ಪಡಸಾಲೆಯಲ್ಲಿ ಬೈಕ್ ಬಿಚ್ಚಿದರೆ ಅಡುಗೆಮನೆಯ ಒಲೆಯವರೆಗೂ ತೆವಳಬಹುದು, ದೇವರ ದೀಪದವರೆಗೂ ತೆವಳಬಹುದು. ಅಂಗಳದಲ್ಲಿ ಬಿಚ್ಚಿ. ಇಂಜಿನ್ ತಣ್ಣಗಾಗಿರಲಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಬೀಡಿ ಸಿಗರೇಟಿನ ವಿಷಯ ಬೇರೆ ಹೇಳಬೇಕಿಲ್ಲ, ಆದರೆ ‘ಏನ್ ಮಾಡ್ತಿದೀಯೋ’ ಎಂದು ಬಗ್ಗಿ ನೋಡಲು ಬರುವ ಪಕ್ಕದ ಮನೆಯವರಿಗೆ ಹೇಳಬೇಕಾಗಬಹುದು.

ಮೇಲಿನಿಂದ ಕೆಳಕ್ಕೆ ಹುಡುಕಿ

ಪೆಟ್ರೋಲ್ ಹನಿಯುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಟ್ಯಾಂಕಿನಡಿಯ ಕಾಕ್‌ನಿಂದ ಒಸರಿದ್ದು ಪೈಪಿನ ಹೊರಮೈ ಹಿಡಿದು ಇಳಿದು, ಕಾರ್ಬೊರೇಟರಿನ ತಳದಿಂದ ತೊಟ್ಟಿಕ್ಕುತ್ತದೆ. ಬಯ್ಗುಳ ಮಾತ್ರ ಕಾರ್ಬೊರೇಟರಿಗೆ. ಹಾಗಾಗಿ ಮೊದಲು ಟ್ಯಾಂಕಿನ ಅಡಿ, ಕಾಕ್, ಪೈಪ್, ಕಾರ್ಬೊರೇಟರ್ ಎಲ್ಲವನ್ನೂ ಒರೆಸಿ ಒಣಗಿಸಿ. ಮೇಲೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ. ಕಾಕ್ ಆನ್ ಮಾಡಿ ಹತ್ತು ನಿಮಿಷ ಬಿಡಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲಿದೆ ಸೋರಿಕೆ. ಬಹಳ ದಿನದಿಂದ ಒಸರುತ್ತಿರುವ ಜಾಗವಾದರೆ ಪೌಡರೂ ಬೇಡ. ಪೆಟ್ರೋಲ್ ಆರಿ ಉಳಿದ ಅಂಟುಅಂಟಾದ ಹಳದಿ ಕಲೆಯೇ ಗುರುತು ಹೇಳುತ್ತದೆ. ಹಳೇ ಜಾವಾಗಳಲ್ಲಿ ಕಾರ್ಬೊರೇಟರ್ ಒಂದು ಮುಚ್ಚಳದ ಹಿಂದೆ ಅಡಗಿ ಕೂತಿರುವುದರಿಂದ ಅದನ್ನು ತೆಗೆಯದೆ ಏನೂ ಕಾಣುವುದಿಲ್ಲ.

ಕಾಕ್‌ನ ಪರೀಕ್ಷೆ ಸುಲಭ. ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಅದರ ತುದಿಯನ್ನು ಒಣಗಿದ ಗಾಜಿನ ಬಾಟಲಿಗೆ ಬಿಡಿ. ಆನ್‌ನಲ್ಲಿ ಧಾರೆ ಸರಾಗವಾಗಿ ಬರಬೇಕು, ಆಫ್‌ನಲ್ಲಿ ಪೂರ್ತಿ ನಿಲ್ಲಬೇಕು. ಆಫ್ ಮಾಡಿದ ಮೇಲೂ ಹನಿ ಬೀಳುತ್ತಿದ್ದರೆ ಒಳಗಿನ, ನಾಲ್ಕು ತೂತಿನ ರಬ್ಬರ್ ವಾಷರ್ ಗಟ್ಟಿಯಾಗಿದೆ ಎಂದರ್ಥ. ಅದೊಂದನ್ನೇ ಬದಲಿಸಬಹುದು; ಬಿಚ್ಚಲಾಗದಂತೆ ರಿವೆಟ್ ಹೊಡೆದ ಕಾಕ್ ಆದರೆ ಪೂರ್ತಿ ಬದಲಿಸಬೇಕು. ಇಲ್ಲೊಂದು ಮಾತು. ರಾತ್ರಿ ಕಾಕ್ ಆಫ್ ಮಾಡಿಟ್ಟ ಬೈಕು ಬೆಳಿಗ್ಗೆ ಪೆಟ್ರೋಲ್ ಸುರಿಸಿಕೊಂಡು ನಿಂತಿದ್ದರೆ ಕೆಟ್ಟಿರುವುದು ಒಂದಲ್ಲ, ಎರಡು. ಕಾಕ್ ಬಿಡಬಾರದಿತ್ತು, ಬಿಟ್ಟರೂ ಒಳಗಿನ ಫ್ಲೋಟ್ ನೀಡಲ್ ತಡೆಯಬೇಕಿತ್ತು. ಒಂದನ್ನು ಸರಿಮಾಡಿ ಸುಮ್ಮನಾದರೆ ಇನ್ನೊಂದು ಸಮಯ ನೋಡಿ ಕೈಕೊಡುತ್ತದೆ.

ಪೈಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳದಿಯಾಗಿ ಸೆಟೆದುಕೊಂಡ ಪಾರದರ್ಶಕ ಪೈಪನ್ನು ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವ ಉಳಿತಾಯ ಬೇಡ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಹೋಸ್ ಕೊಳ್ಳಿ, ಎರಡೂ ತುದಿಗೆ ಕ್ಲಿಪ್ ಹಾಕಿ, ಸಿಲಿಂಡರಿನ ಫಿನ್‌ಗಳಿಗೆ ತಾಗದಂತೆ ದಾರಿ ಮಾಡಿ. ಮೀನಿನ ತೊಟ್ಟಿಯ ಪೈಪು, ಆಸ್ಪತ್ರೆಯ ಡ್ರಿಪ್ ಪೈಪು ಇವೆಲ್ಲ ಒಂದು ಬೇಸಿಗೆಗೂ ಬಾಳುವುದಿಲ್ಲ.

ಟ್ಯಾಂಕಿನಲ್ಲೇ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಸೋಪಿನ ಬಿಲ್ಲೆ ತಿಕ್ಕುವ ಹಳೇ ಉಪಾಯ ಕೆಲಸ ಮಾಡುತ್ತದೆ. ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ಆದರೆ ಅದು ಮನೆ ಮುಟ್ಟುವವರೆಗಿನ ಉಪಾಯ, ಮಳೆ ಬಂದರೆ ಅಷ್ಟೂ ಇಲ್ಲ. ವೆಲ್ಡಿಂಗ್ ಅಂಗಡಿಗೆ ಕೊಡುವಾಗ ‘ಖಾಲಿ ಇದೆ’ ಎಂದು ಹೇಳಿ ಕೊಡಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು. ಟ್ಯಾಂಕ್ ವೆಲ್ಡಿಂಗನ್ನೇ ಕಸುಬು ಮಾಡಿಕೊಂಡವರು ಅದನ್ನು ಚೆನ್ನಾಗಿ ತೊಳೆದು, ಬಾಯಿವರೆಗೂ ನೀರು ತುಂಬಿ ಕೆಲಸ ಮಾಡುತ್ತಾರೆ.

ಬೌಲಿನೊಳಗಿನ ಕಥೆ

ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಏನು ಮಾಡುತ್ತದೋ ಕಾರ್ಬೊರೇಟರಿನಲ್ಲಿ ಫ್ಲೋಟ್ ಅದನ್ನೇ ಮಾಡುತ್ತದೆ. ಪೆಟ್ರೋಲ್ ಏರಿದಂತೆ ಫ್ಲೋಟ್ ಮೇಲೇರಿ, ಅದರ ನಾಲಿಗೆ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ಮುಚ್ಚದಿದ್ದರೆ ಓವರ್‌ಫ್ಲೋ. ಬಹಳ ಸಲ ಕಾರಣ ಕ್ಷುಲ್ಲಕ. ಟ್ಯಾಂಕಿನ ತುಕ್ಕಿನ ಒಂದು ಕಣ ನೀಡಲ್ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡಿರುತ್ತದೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಬೌಲಿನ ಬದಿಗೆ ಎರಡೇಟು ತಟ್ಟಿದರೆ ಕಣ ಜಾರಿ ಸೋರಿಕೆ ನಿಲ್ಲುವುದುಂಟು. ದಾರಿಮಧ್ಯದಲ್ಲಿ ಅದು ಸಾಕು. ಮನೆಗೆ ಬಂದ ಮೇಲೆ ಬೌಲ್ ಬಿಚ್ಚಲೇಬೇಕು, ಏಕೆಂದರೆ ತುಕ್ಕಿನ ಕಣ ಒಂಟಿಯಾಗಿ ಬರುವುದಿಲ್ಲ.

ಬಿಚ್ಚಿದಾಗ ನೀಡಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಶಂಕುವಿನಾಕಾರದ ಆ ತುದಿಯ ಸುತ್ತ ಉಂಗುರದಂತೆ ಸವೆದ ಗೆರೆ ಕಂಡರೆ ಅದರ ಆಯಸ್ಸು ಮುಗಿಯಿತು. ಸೀಟು ಬಿಚ್ಚಿಬರುವ ಜಾತಿಯದಾದರೆ ಎರಡನ್ನೂ ಜೋಡಿಯಾಗಿ ಬದಲಿಸಿ. ಸವೆದ ಸೀಟಿನ ಮೇಲೆ ಹೊಸ ನೀಡಲ್ ಕೂರಿಸಿದರೆ ಉಪಯೋಗ ಕಡಿಮೆ. ಹಾಕಿದ ಮೇಲೆ ಒಂದು ಪರೀಕ್ಷೆ: ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದು, ಪೆಟ್ರೋಲ್ ಬರುವ ಮೂತಿಗೆ ಶುದ್ಧವಾದ ಪೈಪ್ ತುಂಡು ಸಿಕ್ಕಿಸಿ ಮೆಲ್ಲಗೆ ಊದಿ. ಫ್ಲೋಟಿನ ಭಾರಕ್ಕೇ ನೀಡಲ್ ಮುಚ್ಚಿಕೊಂಡು ಗಾಳಿ ಹೋಗಬಾರದು. ನೆಟ್ಟಗೆ ಹಿಡಿದರೆ ಸಲೀಸಾಗಿ ಹೋಗಬೇಕು.

ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ತೂತಾಗಿದೆ, ಅದು ತೇಲುವ ಬದಲು ಮುಳುಗುತ್ತಿದೆ. ಹಿತ್ತಾಳೆಯ ಹಳೇ ಫ್ಲೋಟ್ ಆದರೆ ಬಿಸಿನೀರಿನಲ್ಲಿ ಅದ್ದಿ, ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲ್ ಸಂಪೂರ್ಣ ಆರುವವರೆಗೆ ಬೆಸುಗೆಯ ಯೋಚನೆ ಬೇಡ. ಫ್ಲೋಟ್ ಎತ್ತರದ ಅಳತೆ ಒಂದೊಂದು ಮಾಡೆಲಿಗೆ ಒಂದೊಂದು. ಅದನ್ನು ಆ ಗಾಡಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಅಳೆಯುವಾಗ ಕಾರ್ಬೊರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ ನೀಡಲಿನ ಸ್ಪ್ರಿಂಗ್ ಪಿನ್ನನ್ನು ಮುಟ್ಟಿರಬೇಕು ಆದರೆ ಒತ್ತಿರಬಾರದು. ಒತ್ತಿದ ಸ್ಥಿತಿಯಲ್ಲಿ ಅಳೆದು ಸರಿಮಾಡಿದರೆ ಮಟ್ಟ ತಪ್ಪುತ್ತದೆ.

ಎಲ್ಲ ಹೊಸದು ಹಾಕಿದರೂ ಓವರ್‌ಫ್ಲೋ ಪೈಪಿನಿಂದ ಹನಿ ನಿಲ್ಲದಿರುವ ಒಂದು ವಿಚಿತ್ರ ಸಂದರ್ಭವಿದೆ. ಬೌಲಿನ ಮಧ್ಯೆ ಎದ್ದು ನಿಂತ ಹಿತ್ತಾಳೆಯ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಮಟ್ಟ ಸರಿಯಿದ್ದರೂ ಪೆಟ್ರೋಲ್ ಆ ಸೀಳಿನಿಂದಲೇ ಇಳಿದುಹೋಗುತ್ತದೆ. ಮೂರು ಸಲ ನೀಡಲ್ ಬದಲಿಸಿದರೂ ಸರಿಹೋಗದ ಗಾಡಿಗಳಲ್ಲಿ ಇದನ್ನು ಯಾರೂ ನೋಡಿರುವುದೇ ಇಲ್ಲ. ಬೌಲನ್ನು ಕೈಯಲ್ಲಿ ಹಿಡಿದು, ಕೊಳವೆಯ ತುದಿಗಿಂತ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಅಡಿಯಿಂದ ನೋಡಿ. ಹನಿ ಬಂದರೆ ಕಾರಣ ಸಿಕ್ಕಿತು.

ಬೌಲ್ ಪ್ಯಾಕಿಂಗ್ ಪೆಟ್ರೋಲ್ ಕುಡಿದು ಉಬ್ಬುತ್ತದೆ. ಬಿಚ್ಚಿದ ಮೇಲೆ ಅದೇ ಜಾಡಿಗೆ ಕೂರುವುದಿಲ್ಲ. ಒತ್ತಿ ತುರುಕಿದರೆ ಒಂದು ಕಡೆ ಮಡಿಚಿ ಅಲ್ಲಿಂದ ಒಸರುತ್ತದೆ. ಹೊಸದು ಕೈಯಲ್ಲಿಲ್ಲದಿದ್ದರೆ ಒಂದು ರಾತ್ರಿ ಗಾಳಿಗೆ ಆರಲು ಬಿಡಿ, ಬಹುತೇಕ ಮೊದಲಿನ ಅಳತೆಗೆ ಬರುತ್ತದೆ. ಇನ್ನು ಹಳೇ ಜಾವಾದ ಜಿಕೋವ್ ಕಾರ್ಬೊರೇಟರಿನಲ್ಲಿ ಟಿಕ್ಲರ್ ಒತ್ತಿದಾಗ ಪೆಟ್ರೋಲ್ ಉಕ್ಕುವುದು ರೋಗವಲ್ಲ. ತಣ್ಣಗಿನ ಇಂಜಿನ್ನಿಗೆ ಹೆಚ್ಚುವರಿ ಪೆಟ್ರೋಲ್ ಕೊಡಲೆಂದೇ ಇಟ್ಟ ವ್ಯವಸ್ಥೆ ಅದು. ಕೈ ತೆಗೆದ ಮೇಲೂ ಉಕ್ಕುತ್ತಿದ್ದರೆ ಮಾತ್ರ ಯೋಚಿಸಿ.

ಹೊರಗೆ ಸುರಿದ ಪೆಟ್ರೋಲಿಗಿಂತ ಕೆಟ್ಟದ್ದು ಒಳಗೆ ಹರಿದದ್ದು. ಓವರ್‌ಫ್ಲೋ ದಾರಿ ಕಟ್ಟಿಕೊಂಡಿದ್ದರೆ, ಗಾಡಿ ಓರೆ ನಿಂತಿದ್ದರೆ ಅದು ಇನ್‌ಲೆಟ್ ಮೂಲಕ ಇಂಜಿನ್ನಿಗೇ ಇಳಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಡಿಪ್ ಸ್ಟಿಕ್ ತೆಗೆದು ಮೂಸಿ. ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಹೊಡೆದರೆ ಸ್ಟಾರ್ಟ್ ಮಾಡಲೇಬೇಡಿ. ನೀರಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಮೊದಲು ಆಯಿಲ್ ಬದಲಿಸಿ. ಕಿಕ್ಕರ್ ಒತ್ತಿದಾಗ ಕಲ್ಲಿನಂತೆ ನಿಂತರೆ ಬಲ ಹಾಕಬೇಡಿ. ಕಾಕ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ಪ್ಲಗ್ ಕ್ಯಾಪನ್ನು ದೂರ ಸರಿಸಿ, ಪ್ಲಗ್ ತೂತಿನ ನೇರಕ್ಕೆ ನಿಲ್ಲದೆ ನಿಧಾನವಾಗಿ ಕಿಕ್ ಒತ್ತಿ ಹೊರಹಾಕಿ.

ಎಥನಾಲ್ ಬಂದ ಮೇಲೆ

ಹಳೇ ಗಾಡಿಗಳ ರಬ್ಬರ್ ಈಚೆಗೆ ಬೇಗ ಹಾಳಾಗುತ್ತಿದೆ ಎಂದು ಮೆಕ್ಯಾನಿಕ್‌ಗಳು ಗೊಣಗುವುದರಲ್ಲಿ ಹುರುಳಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಎಂಬತ್ತು ತೊಂಬತ್ತರ ದಶಕದ ಓ ರಿಂಗ್, ಡಯಾಫ್ರಂ, ಪ್ಯಾಕಿಂಗುಗಳನ್ನು ಇಷ್ಟು ಎಥನಾಲಿಗೆಂದು ಮಾಡಿರಲಿಲ್ಲ. ಅವು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಬೌಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಸ್ಲೋ ಜೆಟ್ ಮುಚ್ಚಿಕೊಳ್ಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಶುದ್ಧ ಪೆಟ್ರೋಲ್ ಒಂದು ಭಾಗ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಭಾಗ ಸಾಕು. ಜೆಟ್ ಬದಲಾಗಿಲ್ಲ, ಅದು ಬಿಡುವ ಗಾತ್ರವೂ ಬದಲಾಗಿಲ್ಲ, ಒಳಗೆ ಹರಿಯುವ ದ್ರವ ಬದಲಾಗಿದೆ. ಹೀಗಾಗಿ ಯಾವ ಸೋರಿಕೆ ಇಲ್ಲದಿದ್ದರೂ ಹಳೇ ಕಾರ್ಬೊರೇಟರ್ ಇ20ಯಲ್ಲಿ ಮೊದಲಿಗಿಂತ ಒಂದಿಷ್ಟು ತೆಳು ಮಿಶ್ರಣ ಕೊಡುತ್ತದೆ. ಮೊದಲೇ ಗಾಳಿ ಕದಿಯುತ್ತಿದ್ದ ಗಾಡಿಗೆ ಇದೂ ಸೇರಿಕೊಂಡರೆ, ಹತ್ತು ವರ್ಷ ಸಹಿಸಿಕೊಂಡಿದ್ದ ಸಣ್ಣ ಸಂದಿ ಈಗ ದೊಡ್ಡ ತೊಂದರೆಯಾಗಿ ಕಾಣುತ್ತದೆ.

ಕಾಣದ ಗಾಳಿ

ಎಕ್ಸಲರೇಟರ್ ಬಿಟ್ಟಾಗ ಕಾರ್ಬೊರೇಟರಿನ ಸ್ಲೈಡ್ ದಾರಿಯನ್ನು ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ ಎಳೆಯುತ್ತಲೇ ಇರುವುದರಿಂದ ಸ್ಲೈಡ್ ಮತ್ತು ಇಂಜಿನ್ ನಡುವೆ ಒತ್ತಡ ಹೊರಗಿನದಕ್ಕಿಂತ ತುಂಬಾ ಕಡಿಮೆ. ಆ ಭಾಗದಲ್ಲಿ ಎಲ್ಲಿ ಸಂದಿ ಸಿಕ್ಕರೂ ಹೊರಗಿನ ಗಾಳಿ ನುಗ್ಗುತ್ತದೆ. ನಿಂತಲ್ಲಿ ಓಡುವಾಗ ಇಂಜಿನ್ನಿಗೆ ಬೇಕಾದ ಗಾಳಿಯೇ ಅತ್ಯಲ್ಪ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಪೂರ್ತಿ ಎಕ್ಸಲರೇಟರಿನಲ್ಲಿ ಅದೇ ಸಂದಿ ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗುತ್ತದೆ. ಹೈವೇಯಲ್ಲಿ ಚೆನ್ನಾಗಿ ಓಡಿ, ಟ್ರಾಫಿಕ್‌ನಲ್ಲಿ ಮಾತ್ರ ಕಾಡುವ ಗಾಡಿಯ ಮೇಲೆ ಈ ಅನುಮಾನ ಮೊದಲು ಬರಬೇಕು.

ಲಕ್ಷಣಗಳು: ಎಕ್ಸಲರೇಟರ್ ಬಿಟ್ಟ ಮೇಲೂ ರೇಸ್ ಮೇಲೆಯೇ ನಿಂತು ನಿಧಾನವಾಗಿ ಇಳಿಯುವುದು, ಸ್ಲೋ ಸ್ಪೀಡ್ ಏರಿಳಿಯುತ್ತಿರುವುದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಸಿಡಿಯುವುದು, ಬಿಸಿಯಾದ ಮೇಲೂ ಸ್ವಲ್ಪ ಚೋಕ್ ಇದ್ದರೇ ಚೆನ್ನಾಗಿ ಓಡುವುದು, ಪ್ಲಗ್‌ನ ಪಿಂಗಾಣಿ ಸುಣ್ಣ ಬಳಿದಷ್ಟು ಬೆಳ್ಳಗಾಗುವುದು. ನನಗೆ ಹೆಚ್ಚು ನಂಬಿಕೆ ಇನ್ನೊಂದರ ಮೇಲೆ. ಏರ್ ಸ್ಕ್ರೂವನ್ನು ಒಳಗೆ ಹೊರಗೆ ತಿರುಗಿಸಿದರೂ ಇಂಜಿನ್ ಸದ್ದಿನಲ್ಲಿ ವ್ಯತ್ಯಾಸವೇ ಬರದಿದ್ದರೆ, ಒಂದೋ ಸ್ಲೋ ಜೆಟ್ ಕಟ್ಟಿದೆ, ಇಲ್ಲವೇ ಗಾಳಿ ಆ ಸ್ಕ್ರೂವನ್ನು ಕೇಳದೆ ಬೇರೆ ದಾರಿಯಿಂದ ಬರುತ್ತಿದೆ.

ತೀರ್ಪು ಕೊಡುವ ಮೊದಲು ವೇಷ ಹಾಕಿಕೊಂಡು ಬರುವ ಇತರ ಕಾರಣಗಳನ್ನು ತಳ್ಳಿಹಾಕಿ. ಎಕ್ಸಲರೇಟರ್ ಕೇಬಲ್ ಒಳಗೇ ಎಳೆ ಬಿಟ್ಟು ಸಿಕ್ಕಿಕೊಂಡರೂ ರೇಸ್ ಇಳಿಯುವುದಿಲ್ಲ. ಇಂಜಿನ್ ಓಡುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಸದ್ದು ಬದಲಾದರೆ ಅಪರಾಧಿ ಕೇಬಲ್. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ. ಹತ್ತಾರು ಕಿಲೋಮೀಟರ್ ಓಡಿ ಮುಗ್ಗರಿಸುವ ಗಾಡಿಯ ಮುಚ್ಚಳ ತೆಗೆದಾಗ ‘ಉಶ್’ ಎಂದರೆ ಅದೇ. ಊರಿನ ಎತ್ತರವೂ ಆಟ ಆಡುತ್ತದೆ. ಮಂಗಳೂರಿನಲ್ಲಿ ಹದ ಮಾಡಿದ ಬೈಕು ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಗಾಳಿ ತೆಳುವಾದ್ದರಿಂದ ಪೆಟ್ರೋಲ್ ಹೆಚ್ಚಾಗಿ ಮಂಕಾಗುತ್ತದೆ. ಘಟ್ಟದ ಮೇಲೆ ಹೋದಾಗಲಷ್ಟೇ ಸಪ್ಪೆಯಾಗುವ ಗಾಡಿಯ ಜೆಟ್ ಕೆದಕಬೇಡಿ.

ಇನ್ನು ಹುಡುಕುವ ಬಗೆ. ಇಂಜಿನ್ ಬಿಸಿ ಮಾಡಿ, ನಿಂತಲ್ಲೇ ಓಡಲು ಬಿಟ್ಟು, ಗಿಡಕ್ಕೆ ನೀರು ಹಾಕುವ ಸ್ಪ್ರೇ ಬಾಟಲಿಯಿಂದ ಒಂದೊಂದೇ ಜೋಡಣೆಗೆ ನೀರು ಸಿಂಪಡಿಸಿ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ಸೇರುವಲ್ಲಿ, ಮ್ಯಾನಿಫೋಲ್ಡ್ ಮತ್ತು ಸಿಲಿಂಡರ್ ಸೇರುವಲ್ಲಿ, ರಬ್ಬರ್ ಇದ್ದರೆ ಅದರ ಮಡಿಕೆಗಳ ಮೇಲೆ. ಸಂದಿಯಿರುವ ಕಡೆ ನೀರು ಕ್ಷಣಕಾಲ ದಾರಿ ಮುಚ್ಚುತ್ತದೆ, ಇಂಜಿನ್ ಸದ್ದು ಬದಲಾಗುತ್ತದೆ. ಪ್ಲಗ್ ಕಡೆಗೂ ಕಾರ್ಬೊರೇಟರಿನ ಬಾಯಿಗೂ ಹಾರಿಸಬೇಡಿ. ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ, ಇನ್ನು ಕೆಲವರು ಗ್ಯಾಸ್ ಪೈಪನ್ನೇ ಹಿಡಿಯುತ್ತಾರೆ. ಬದಲಾವಣೆ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ, ನಿಜ. ಆದರೆ ಬಿಸಿ ಸೈಲೆನ್ಸರ್ ಒಂದು ಅಡಿ ದೂರದಲ್ಲಿರುವಾಗ ಆ ಸ್ಪಷ್ಟತೆ ಬೇಡ.

ರಬ್ಬರ್ ಮ್ಯಾನಿಫೋಲ್ಡನ್ನು ಬಿಚ್ಚಿ, ಬಗ್ಗಿಸಿ ನೋಡಬೇಕು. ಬಿಗಿದಿರುವಾಗ ಚೆನ್ನಾಗಿ ಕಾಣುವ ರಬ್ಬರ್ ಕೈಯಲ್ಲಿ ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಹೊರಮೈಯ ಸಣ್ಣ ಬಿರುಕು ಒಳಗೆ ತಲುಪದಿದ್ದರೆ ಇವತ್ತಿಗೆ ಪರವಾಗಿಲ್ಲ, ಆದರೆ ಹೊಸದನ್ನು ಹುಡುಕಲು ಶುರುಮಾಡಿ. ಮ್ಯಾನಿಫೋಲ್ಡಿನಿಂದ ಸಣ್ಣ ಮೂತಿಯೊಂದು ಹೊರಬಂದಿದ್ದರೆ ಅದರ ರಬ್ಬರ್ ಟೋಪಿ ಇದೆಯೋ ಬಿದ್ದುಹೋಗಿದೆಯೋ ನೋಡಿ. ಗೇರಿಲ್ಲದ ಸ್ಕೂಟರುಗಳಲ್ಲಿ ಆ ಮೂತಿಯಿಂದ ವ್ಯಾಕ್ಯೂಮ್ ಕಾಕ್‌ಗೆ ಪೈಪ್ ಹೋಗಿರುತ್ತದೆ. ಕಾಕ್‌ನೊಳಗಿನ ಡಯಾಫ್ರಂ ಹರಿದರೆ ಪೆಟ್ರೋಲ್ ಅದೇ ಪೈಪಿನಲ್ಲಿ ನೇರ ಇಂಜಿನ್ನಿಗೆ ಹೋಗುತ್ತದೆ. ಆ ಪೈಪ್ ಕಳಚಿ ನೋಡಿ, ಒಳಗೆ ಪೆಟ್ರೋಲ್ ಇರಲೇಬಾರದು.

ಎರಡು ಬೋಲ್ಟ್ ಹಾಕಿ ಕೂರಿಸುವ ಫ್ಲಾಂಜ್ ಕಾರ್ಬೊರೇಟರಿನ ರೋಗ ಬೇರೆ, ಅದನ್ನು ತಂದುಕೊಡುವವರು ನಾವೇ. ಗಾಳಿ ಎಳೆಯುತ್ತಿದೆ ಎಂದು ಬೋಲ್ಟನ್ನು ಇನ್ನೂ ಬಿಗಿದರೆ ಮೆದು ಅಲ್ಯೂಮಿನಿಯಂ ಫ್ಲಾಂಜ್ ಬಿಲ್ಲಿನಂತೆ ಬಾಗಿ ನಡುವಿನ ಸಂದಿ ಹಿಗ್ಗುತ್ತದೆ. ಮತ್ತೆ ಬಿಗಿದರೆ ಇನ್ನೂ ಹಿಗ್ಗುತ್ತದೆ. ಕಾರ್ಬೊರೇಟರ್ ಕಳಚಿ, ಓ ರಿಂಗ್ ತೆಗೆದು, ಫ್ಲಾಂಜಿನ ಮುಖವನ್ನು ದಪ್ಪ ಗಾಜಿನ ಮೇಲಿಟ್ಟು ಅಲ್ಲಾಡಿಸಿ ನೋಡಿ. ಕುಲುಕಾಡಿದರೆ ಗಾಜಿನ ಮೇಲೆ 400ರ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಎಂಟರಾಕಾರದಲ್ಲಿ ತಿಕ್ಕಿ ಸಪಾಟು ಮಾಡಿ. ತೂತುಗಳಿಗೆಲ್ಲ ಬಟ್ಟೆ ತುರುಕಿರಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಹೊಸ ಓ ರಿಂಗ್ ಜಾಡಿಗಿಂತ ತುಸು ಮೇಲೆ ಎದ್ದು ನಿಲ್ಲಬೇಕು; ಮಟ್ಟಸವಾಗಿದ್ದರೆ ಅಳತೆ ತಪ್ಪಿದೆ. ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ನಡುವಿನ ದಪ್ಪ ಕರಿ ಫೈಬರ್ ತುಂಡು ಸುಮ್ಮನೆ ಇಟ್ಟದ್ದಲ್ಲ, ಇಂಜಿನ್ನಿನ ಕಾವು ಬೌಲಿಗೆ ತಲುಪದಂತೆ ತಡೆಯುವುದು ಅದೇ. ತೆಗೆದು ಬಿಸಾಡಿದರೆ ಬೇಸಿಗೆಯಲ್ಲಿ ಪೆಟ್ರೋಲ್ ಕುದಿಯುತ್ತದೆ.

ಈ ಜಾಗಗಳಿಗೆಲ್ಲ ಸಿಲಿಕೋನ್ ಪೇಸ್ಟ್ ಬಳಿಯುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ, ಚೂರುಚೂರಾಗಿ ಕಿತ್ತು ಬರುತ್ತದೆ. ಬೌಲಿಗೆ ಹಚ್ಚಿದ್ದರೆ ಆ ಚೂರು ಜೆಟ್ಟಿಗೆ, ಇನ್‌ಲೆಟ್‌ಗೆ ಹಚ್ಚಿದ್ದರೆ ವಾಲ್ವಿಗೆ. ಬೆಂಗಳೂರಿನಲ್ಲಿರುವವರಿಗೆ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ ಇವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ. ‘ಇದೇ ಸಾರ್, ಎಲ್ಲಕ್ಕೂ ಆಗತ್ತೆ’ ಎಂಬ ಮಾತಿಗೆ ಮರುಳಾಗಬೇಡಿ.

ಆರ್‌ಎಕ್ಸ್, ಯೆಜ್ಡಿ ಇರುವವರು ಇನ್ನೊಂದು ಹೆಜ್ಜೆ ಹೋಗಬೇಕು

ಟೂ ಸ್ಟ್ರೋಕ್‌ನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗಿ ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಅಂದರೆ ಕ್ರ್ಯಾಂಕ್ ಕೇಸ್ ಕೂಡ ಇನ್‌ಲೆಟ್‌ನ ಭಾಗವೇ, ಅದರ ಎರಡು ಬದಿಯ ಆಯಿಲ್ ಸೀಲುಗಳೂ ಗಾಳಿ ಎಳೆಯಬಲ್ಲವು. ಆರ್‌ಎಕ್ಸ್ 100ರಲ್ಲಿ ಎಡಗಡೆಯ ಮ್ಯಾಗ್ನೆಟ್ ಬದಿಯ ಸೀಲು ಹೋದರೆ ಒಣ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಬಲಗಡೆಯ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸೈಲೆನ್ಸರ್ ದಟ್ಟ ಬಿಳಿಹೊಗೆ ಉಗುಳುತ್ತದೆ, ಗೇರ್ ಬಾಕ್ಸಿನ ಆಯಿಲ್ ಹೊರಗೆ ಸೋರದೆಯೇ ಕಡಿಮೆಯಾಗುತ್ತಾ ಹೋಗುತ್ತದೆ. ಯೆಜ್ಡಿಯಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುವುದರಿಂದ ತೆಳು ಮಿಶ್ರಣವೆಂದರೆ ಎರಡು ಪೆಟ್ಟು: ಕಾವು ಹೆಚ್ಚು, ಆಯಿಲ್ ಕಡಿಮೆ. ಆರ್‌ಎಕ್ಸ್‌ನಲ್ಲಿ ಆಯಿಲನ್ನು ಪ್ರತ್ಯೇಕ ಪಂಪ್ ಕೊಡುತ್ತದೆ, ಆದರೂ ಕಾವಿನಿಂದ ಪಿಸ್ಟನ್ ಜಾಮ್ ಆಗುವುದು ತಪ್ಪುವುದಿಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ ಗಾಡಿ ಮತ್ತೆ ಜಾಮ್ ಆದರೆ ಪಿಸ್ಟನ್ ಕಂಪನಿಯನ್ನು ಬೈಯುವ ಮೊದಲು ಸೀಲ್ ನೋಡಿ.

ನೋಡುವುದು ಹೇಗೆ? ಕಾರ್ಬೊರೇಟರ್ ಕಳಚಿ ಇನ್‌ಲೆಟ್‌ಗೂ, ಸೈಲೆನ್ಸರ್ ಕಳಚಿ ಎಕ್ಸಾಸ್ಟ್‌ಗೂ ರಬ್ಬರ್ ಬಿರಡೆ ಬಿಗಿಯಿರಿ. ಒಂದು ಬಿರಡೆಯಲ್ಲಿ ಟ್ಯೂಬಿನ ವಾಲ್ವ್ ಕೂರಿಸಿ, ಸೈಕಲ್ ಪಂಪಿನಿಂದ ನಿಧಾನವಾಗಿ 6 ಪಿಎಸ್‌ಐವರೆಗೆ ಗಾಳಿ ತುಂಬಿ. ಕಡಿಮೆ ಒತ್ತಡ ತೋರಿಸುವ ಗೇಜ್ ಬೇಕು, ಲಾರಿ ಟೈರಿನ ಗೇಜ್ ಉಪಯೋಗವಿಲ್ಲ. 6 ಪಿಎಸ್‌ಐಗಿಂತ ಹೆಚ್ಚು ತುಂಬಿದರೆ ಚೆನ್ನಾಗಿರುವ ಸೀಲೂ ಎದ್ದುಬರಬಹುದು. ಮುಳ್ಳು ನಿಮಿಷಕ್ಕೆ 1 ಪಿಎಸ್‌ಐಗಿಂತ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೊರೆ ಹಚ್ಚಿ, ಮೊದಲು ನಿಮ್ಮ ಬಿರಡೆಗಳಿಗೇ. ಆಮೇಲೆ ಹೆಡ್, ಸಿಲಿಂಡರಿನ ಬುಡದ ಪ್ಯಾಕಿಂಗ್, ರೀಡ್ ವಾಲ್ವಿನ ಸುತ್ತ, ಕೊನೆಗೆ ಮ್ಯಾಗ್ನೆಟ್ ಕಳಚಿ ಅದರ ಹಿಂದಿನ ಸೀಲು. ಕ್ಲಚ್ ಬದಿಯ ಸೀಲು ಕಣ್ಣಿಗೆ ಕಾಣದು. ಗೇರ್ ಆಯಿಲ್ ತುಂಬುವ ತೂತಿಗೆ ಪೈಪ್ ಹಿಡಿದು ಕಿವಿಗೊಟ್ಟರೆ ಗುಳುಗುಳು ಕೇಳುತ್ತದೆ. ಇಷ್ಟು ಮಾಡಲು ಒಂದು ಮಧ್ಯಾಹ್ನ ಬೇಕು. ಬೋರ್ ಮಾಡಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಗಾಳಿ ಎಳೆಯುವ ಟೂ ಸ್ಟ್ರೋಕ್ ಕೆಲವೊಮ್ಮೆ ತಾನಾಗಿ ರೇಸ್ ಏರಿಸಿಕೊಂಡು, ಕೀ ಆಫ್ ಮಾಡಿದರೂ ನಿಲ್ಲದೆ ಕಿರುಚುತ್ತದೆ. ಒಳಗೆ ಕೆಂಡವಾದ ಇಂಗಾಲವೇ ಕಿಡಿಯ ಕೆಲಸ ಮಾಡುತ್ತಿರುತ್ತದೆ. ಮೇಲಿನ ಗೇರಿಗೆ ಹಾಕಿ, ಎರಡೂ ಬ್ರೇಕ್ ಗಟ್ಟಿ ಹಿಡಿದು ಕ್ಲಚ್ ಬಿಡಿ, ಇಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಅದು ಆಗದಿದ್ದರೆ ಚೋಕ್ ಎಳೆಯಿರಿ. ಹೀಗೊಮ್ಮೆ ಆದ ಗಾಡಿಯನ್ನು ಸೀಲ್ ಪರೀಕ್ಷೆ ಆಗುವವರೆಗೆ ಓಡಿಸಬೇಡಿ.

ಈಗ ಸ್ಕ್ರೂಡ್ರೈವರ್

ಎರಡೂ ಬಗೆಯ ಸೋರಿಕೆ ನಿಂತ ಮೇಲೆ, ಹಿಂದೆ ಯಾರು ಯಾರೋ ತಿರುಗಿಸಿಟ್ಟ ಸ್ಕ್ರೂಗಳೆಲ್ಲ ತಪ್ಪು ಜಾಗದಲ್ಲಿರುತ್ತವೆ. ಏಕೆಂದರೆ ಅವು ಸೋರಿಕೆಗೆ ಹೊಂದಿಸಿದವು. ಮೊದಲು ಏರ್ ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಬದಿಯಲ್ಲಿದ್ದರೆ ಅದು ಗಾಳಿಯನ್ನು ಅಳೆಯುತ್ತದೆ, ಹೊರಗೆ ತಿರುಗಿಸಿದಷ್ಟೂ ಮಿಶ್ರಣ ತೆಳು. ಇಂಜಿನ್ ಬದಿಯಲ್ಲಿದ್ದರೆ ಪೆಟ್ರೋಲ್ ಬೆರೆತ ಮಿಶ್ರಣವನ್ನು ಅಳೆಯುತ್ತದೆ, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚು. ಈ ವ್ಯತ್ಯಾಸ ತಿಳಿಯದೆ ಒಂದು ಗಾಡಿಯ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಿದರೆ ಎಲ್ಲ ಉಲ್ಟಾ. ಮೆಲ್ಲಗೆ ಕೊನೆ ಮುಟ್ಟುವವರೆಗೆ ಒಳಗೆ ತಿರುಗಿಸಿ (ಬಲ ಹಾಕಿದರೆ ಮೊನೆ ಮುರಿದು ಒಳಗೇ ಉಳಿಯುತ್ತದೆ), ಕೈಪಿಡಿ ಹೇಳಿದಷ್ಟು ಸುತ್ತು ಹೊರಗೆ ತನ್ನಿ. ಕೈಪಿಡಿ ಸಿಗದಿದ್ದರೆ ಒಂದೂವರೆ ಸುತ್ತಿನಿಂದ ಶುರುಮಾಡಿ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲುಕಾಲು ಸುತ್ತು ಆಚೀಚೆ ಮಾಡಿ, ಸದ್ದು ಅತಿ ಹೆಚ್ಚು ಏರಿ ಸಮವಾಗಿ ನಿಲ್ಲುವ ಜಾಗ ಹಿಡಿಯಿರಿ. ನಂತರ ಸ್ಲೋ ಸ್ಪೀಡ್ ಸ್ಕ್ರೂ ಇಳಿಸಿ. ಈಗ ಸ್ಕ್ರೂ ಮಾತು ಕೇಳುತ್ತದೆ, ಕಾಲು ಸುತ್ತಿಗೂ ಸದ್ದು ಬದಲಾಗುತ್ತದೆ. ಕೇಳದಿದ್ದರೆ ಸ್ಲೋ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ಅದನ್ನು ಸೂಜಿ ತಂತಿ ಹಾಕಿ ಚುಚ್ಚಬೇಡಿ, ತೂತು ಹಿಗ್ಗುತ್ತದೆ. ಕ್ಲೀನರಿನಲ್ಲಿ ನೆನೆಸಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿದರೆ ಸಾಕು.

ಹತ್ತು ಕಿಲೋಮೀಟರ್ ಓಡಿಸಿ ಬಂದು ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿರಬೇಕೆಂದು ಹಳಬರು ಹೇಳುತ್ತಾರೆ. ಇ20ಯಲ್ಲಿ ಅದಕ್ಕಿಂತ ತುಸು ಪೇಲವವಾಗಿದ್ದರೂ ಗಾಬರಿ ಬೇಡ. ಅಪ್ಪಟ ಬಿಳುಪು, ಪಿಂಗಾಣಿಯ ಮೇಲೆ ಸಣ್ಣ ಲೋಹದ ಚುಕ್ಕೆಗಳು ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಮತ್ತೆ ಗಾಳಿಯನ್ನು ಹುಡುಕಿ. ರಾತ್ರಿ ಕಾರ್ಬೊರೇಟರಿನಡಿ ಹಳೇ ಪೇಪರ್ ಹಾಸಿ, ಈ ಒಂದು ರಾತ್ರಿ ಮಾತ್ರ ಕಾಕ್ ಆನ್‌ನಲ್ಲಿಟ್ಟು, ಬೈಕನ್ನು ಮನೆಯ ಹೊರಗೆ ನಿಲ್ಲಿಸಿ. ಬೆಳಿಗ್ಗೆ ಪೇಪರಿನ ಮೇಲೆ ಹಳದಿ ಕಲೆ ಬಿದ್ದಿದೆಯೋ, ಫೋರ್ ಸ್ಟ್ರೋಕ್ ಆಗಿದ್ದರೆ ಆಯಿಲಿನಲ್ಲಿ ವಾಸನೆ ಇದೆಯೋ ನೋಡಿ. ಎರಡೂ ಇಲ್ಲದಿದ್ದರೆ ಗಾಡಿ ತೆಗೆದುಕೊಂಡು ಹೋಗಿ. ಮುಂದೆ ಎರಡು ಮೂರು ವಾರ ನಿಲ್ಲಿಸುವುದಿದ್ದರೆ ಕಾಕ್ ಆಫ್ ಮಾಡಿ, ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿಟ್ಟುಬಿಡಿ.